ರೋಗಪರೀಕ್ಷೆಯ ನಿಖರತೆಯೂ ಅದರ ಅಳತೆಯೂ



ರೋಗವನ್ನು ಗುಣಪಡಿಸುವುದಕ್ಕೆ ಮೊದಲು ಅದನ್ನು ಗುರುತಿಸಬೇಕೆಂಬುದು ಸರ್ವವಿದಿತವಾದ ಮಾತು. ಗುರುತಿಸುವ ಸಾಧನವೇ ಪರೀಕ್ಷೆ. ಆ ಪರೀಕ್ಷೆಯನ್ನಾದರೋ ಪರೀಕ್ಷಿಸುವ ಬಗೆ ಯಾವುದು? ಅಮೆರಿಕೆಯ ಸಂಖ್ಯಾಶಾಸ್ತ್ರಜ್ಞನಾದ ಜೇಕಬ್ ಯೆರುಶಲ್ಮಿಯು 1947ರಲ್ಲಿ ಎಕ್ಸ್-ಕಿರಣ ಚಿತ್ರಗಳ ಪ್ರಸಂಗದಲ್ಲಿ ಇದನ್ನು ವಿಚಾರಿಸಿ ಎರಡು ಗುಣಗಳನ್ನು ವಿಂಗಡಿಸಿದನು. ರೋಗವುಳ್ಳವರನ್ನು ರೋಗಿಗಳೆಂದೇ ಹಿಡಿಯುವ ಶಕ್ತಿ ಗ್ರಾಹಕತೆ. ರೋಗವಿಲ್ಲದವರನ್ನು ನಿರೋಗಿಗಳೆಂದೇ ಬಿಡುವ ಶಕ್ತಿ ನಿರ್ದಿಷ್ಟತೆ. ಮೊದಲನೆಯದು ಕುಂದಿದರೆ ಕ್ಷಯರೋಗಿಯು ತಾನು ಸ್ವಸ್ಥನೆಂದು ನಂಬಿ ಮನೆಗೆ ಮರಳಿ, ಮಕ್ಕಳಿಗೂ ರೋಗವನ್ನು ಅಂಟಿಸಬಹುದು. ಎರಡನೆಯದು ಕುಂದಿದರೆ ಸ್ವಸ್ಥನು ವ್ಯರ್ಥವಾಗಿ ಔಷಧವನ್ನು ಸೇವಿಸಿ ಭಯದಲ್ಲಿ ಬಾಳುವನು.

ಒಂದು ಪರೀಕ್ಷೆಯು 20 ಮಂದಿ ರೋಗಿಗಳಲ್ಲಿ 18 ಮಂದಿಯನ್ನು ಗುರುತಿಸಿತೆಂದು ಭಾವಿಸೋಣ. ಗ್ರಾಹಕತೆ ಶೇಕಡ 90. ಆದರೆ ಬೇರೆ 20 ಮಂದಿಯನ್ನು ಕರೆತಂದರೆ ಅದೇ ಸಂಖ್ಯೆ ಬರುವುದೆಂಬ ನಿಯಮವುಂಟೇ? ಇಲ್ಲ. ಆದುದರಿಂದ ಒಂದೇ ಅಂಕಿಯನ್ನು ಹೇಳದೆ, ಕೆಳಗಿನ ಎಲ್ಲೆ ಮೇಲಿನ ಎಲ್ಲೆಗಳನ್ನು ಹೇಳುವುದು ಯುಕ್ತ. ಇದಕ್ಕೆ ವಿಶ್ವಾಸಾವಧಿಯೆಂದು ಹೆಸರು. ಶೇಕಡ 95ರ ಅವಧಿಯೆಂದರೆ, ಇಂತಹ ಪ್ರಯೋಗವನ್ನು ಪುನಃ ಪುನಃ ನಡೆಸಿದಲ್ಲಿ, ಆ ಕ್ರಮದಿಂದ ದೊರೆತ ಅವಧಿಗಳಲ್ಲಿ ನೂರಕ್ಕೆ ಸುಮಾರು 95 ನಿಜವಾದ ಬೆಲೆಯನ್ನು ಒಳಗೊಳ್ಳಬೇಕೆಂದರ್ಥ.

ಈ ಎಲ್ಲೆಗಳನ್ನು ಗೊತ್ತುಮಾಡುವ ಕ್ರಮಗಳು ಹಲವು. ವಾಲ್ಡ್‌ನ ಹೆಸರಿನಿಂದ ಕರೆಯಲ್ಪಡುವ ಕ್ರಮವು ಅತಿ ಸುಲಭ. ಮೇಲಿನ ಉದಾಹರಣೆಗೆ ಅದು ಶೇಕಡ 76.9ರಿಂದ 103.1 ಎನ್ನುತ್ತದೆ. ನೂರು ರೋಗಿಗಳಲ್ಲಿ ನೂರಮೂರು ಮಂದಿಯನ್ನು ಹಿಡಿಯುವ ಪರೀಕ್ಷೆಯು ಲೋಕದಲ್ಲಿ ಉಂಟೇ! 20ಕ್ಕೆ 20 ಮಂದಿಯೂ ಗುರುತಿಸಲ್ಪಟ್ಟರಂತೂ ಈ ಕ್ರಮವು ಎರಡು ಎಲ್ಲೆಗಳನ್ನೂ ನೂರಕ್ಕೇ ನಿಲ್ಲಿಸಿ, ಸಂದೇಹವೇ ಇಲ್ಲವೆಂದು ಸಾರುತ್ತದೆ. ಅಲ್ಪಜ್ಞಾನಕ್ಕೆ ಪೂರ್ಣಜ್ಞಾನದ ವೇಷವನ್ನು ತೊಡಿಸಿದಂತಾಯಿತು.

1927ರಲ್ಲಿ ಎಡ್ವಿನ್ ವಿಲ್ಸನ್ ತೋರಿಸಿದ ಕ್ರಮವು ಈ ದೋಷವನ್ನು ಕಳೆಯಿತು. 18ಕ್ಕೆ ಅದರ ಎಲ್ಲೆಗಳು ಶೇಕಡ 69.9 ಮತ್ತು 97.2; 20ಕ್ಕೆ 83.9 ಮತ್ತು 100. 1934ರಲ್ಲಿ ಕ್ಲಾಪರ್ ಮತ್ತು ಪಿಯರ್ಸನ್ ಇನ್ನೊಂದು ಕ್ರಮವನ್ನು ಪ್ರಕಟಿಸಿದರು. ಅದು 18ಕ್ಕೆ ಶೇಕಡ 68.3ರಿಂದ 98.8ರವರೆಗೆ ನೀಡುತ್ತದೆ. ಇದರ ಭರವಸೆಯು ಎಂದಿಗೂ 95ಕ್ಕಿಂತ ಕಡಮೆಯಾಗದು. ಆದರೆ ಆ ಎಚ್ಚರಿಕೆಗಾಗಿ ಅವಧಿಯು ಅಗತ್ಯಕ್ಕಿಂತ ಅಗಲವಾಗುತ್ತದೆ. 2001ರಲ್ಲಿ ಬ್ರೌನ್, ಕಾಯ್, ದಾಸ್‌ಗುಪ್ತ ಎಂಬ ಮೂವರು ಇವುಗಳನ್ನು ತೂಗಿನೋಡಿ, ಸಣ್ಣ ಸಂಖ್ಯೆಗಳಿಗೆ ವಿಲ್ಸನ್ನನ ಕ್ರಮವನ್ನು ಯೋಗ್ಯವಾದವುಗಳಲ್ಲಿ ಎಣಿಸಿದರು.

ರೋಗಿಗಳು 200 ಮಂದಿಯಾಗಿ 180 ಮಂದಿ ಗುರುತಿಸಲ್ಪಟ್ಟರೆ ವಾಲ್ಡ್ ಕ್ರಮವು 85.8ರಿಂದ 94.2, ವಿಲ್ಸನ್ ಕ್ರಮವು 85.1ರಿಂದ 93.4 ಎನ್ನುತ್ತವೆ. ಸಂಖ್ಯೆ ಹೆಚ್ಚಿದಂತೆ ಕ್ರಮಗಳ ಕಲಹವು ಅಡಗುತ್ತದೆ. ಆದರೆ ಕಾಯಿಲೆ ಉಲ್ಬಣಿಸಿದವರನ್ನೇ ಆರಿಸಿ ಪರೀಕ್ಷಿಸಿದ್ದರೆ ಯಾವ ಕ್ರಮವೂ ಆ ಪಕ್ಷಪಾತವನ್ನು ಸರಿಪಡಿಸಲಾರದು.

ಆದಕಾರಣ ಪರೀಕ್ಷೆಯ ಕೀರ್ತಿಯನ್ನು ಕೇಳಿದಾಗ ಮೂರನ್ನು ವಿಚಾರಿಸಬೇಕು: ಎಷ್ಟು ಮಂದಿಯಲ್ಲಿ ನೋಡಿದರು, ಎಂತಹವರಲ್ಲಿ ನೋಡಿದರು, ಕೆಳಗಿನ ಎಲ್ಲೆ ಎಷ್ಟು. ತಿಳಿದುದು ಎಷ್ಟೆಂಬುದನ್ನು ಹೇಳುವವನು ವಿದ್ವಾಂಸನು; ತಿಳಿಯದುದು ಎಷ್ಟೆಂಬುದನ್ನೂ ಅಳೆದು ಹೇಳುವವನು ರೋಗಿಗೆ ನಿಜವಾದ ಬಂಧು.