ರಾತ್ರಿ ಮೀನಖಂಡ ಹಿಡಿದಾಗ

(ಇಲ್ಫರ್ಡ್‌ನಲ್ಲಿ ನಮ್ಮವರ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಐಟಿಐ ಮಾಡಿದ ಎಲೆಕ್ಟ್ರೀಷಿಯನ್. ಹೋದ ಸಲ ಊಟಕ್ಕೆ ಕೂತಾಗ ಒಬ್ಬರು, "ರಾತ್ರಿ ಕಾಲು ಹಿಡ್ಕೊಳ್ಳುತ್ತೆ, ಏನು ಮಾಡೋದು?" ಅಂತ ಕೇಳಿದರು. ಪಂಕ್ತಿಯಲ್ಲಿ ಅರ್ಧಕ್ಕರ್ಧ ಜನ "ನನಗೂ, ನನಗೂ" ಅಂದರು. ಒಬ್ಬರು ಬಾಳೆಹಣ್ಣು ಅಂದರು, ಇನ್ನೊಬ್ಬರು ಹಾಸಿಗೆ ಕೆಳಗೆ ಸೋಪು ಇಡು ಅಂದರು. ನಾನು ಮಾತಾಡಲಿಲ್ಲ. ಯಾಕೆ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಮೊದಲು ಇದು ಏನು ಅಂತ ನೋಡೋಣ. ನಡುರಾತ್ರಿ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಪ್ರಾಣ ಹೋಗೋ ಹಾಗೆ ನೋಯುತ್ತೆ. ಕೆಲವು ಸೆಕೆಂಡಿನಿಂದ ಹತ್ತು ನಿಮಿಷದ ಒಳಗೆ ತಾನಾಗಿ ಬಿಡುತ್ತೆ. ಮಾರನೇ ದಿನ ಸ್ವಲ್ಪ ನೋವು ಉಳಿಯಬಹುದು. ಕೆಲವರಿಗೆ ಪಾದ, ತೊಡೆಯೂ ಹಿಡಿಯುತ್ತೆ. ನಾವು "ನರ ಎಳ್ಕೊಂಡಿತು" ಅಂತೀವಲ್ಲ, ಅದು ಪೂರ್ತಿ ತಪ್ಪೇನಲ್ಲ. ಸ್ನಾಯುವಿಗೆ ಅಪ್ಪಣೆ ಕೊಡುವುದು ನರ. ಆ ನರ ಸುಮ್ಮನಿರಬೇಕಾದ ಹೊತ್ತಿನಲ್ಲಿ ಬಿಡದೆ ಅಪ್ಪಣೆ ಕಳಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೋಟಾರ್ ಕೆಟ್ಟಿಲ್ಲ, ಸ್ವಿಚ್ ಅಂಟಿಕೊಂಡಿದೆ.

ಮಲಗಿದಾಗಲೇ ಯಾಕೆ? ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಚಾಚಿರುತ್ತೆ, ಮೀನಖಂಡ ಆಗಲೇ ಕುಗ್ಗಿರುತ್ತೆ. ಇಲ್ಲಿನ ದಪ್ಪ ಹೊದಿಕೆಯನ್ನ ಕಾಲ ಬಳಿ ಬಿಗಿಯಾಗಿ ಸಿಕ್ಕಿಸಿದರೆ ಪಾದ ಇನ್ನಷ್ಟು ಕೆಳಗೆ ಬಾಗುತ್ತೆ. ಕುಗ್ಗಿದ ಸ್ನಾಯು ಇನ್ನೊಂಚೂರು ಕುಗ್ಗಿದರೂ ಹಿಡ್ಕೊಳ್ಳುತ್ತೆ. ಇದರ ಮೇಲೆ ದಿನವಿಡೀ ನಿಂತ ಆಯಾಸ. ವೇರ್‌ಹೌಸ್, ಅಡುಗೆಮನೆ, ಕೇರ್ ಹೋಮ್ ಕೆಲಸದವರಿಗೆ, ಏಣಿ ಮೇಲೆ ತುದಿಗಾಲಲ್ಲಿ ನಿಲ್ಲುವ ನಮ್ಮಂಥವರಿಗೆ ಇದು ಗೊತ್ತು. ವಯಸ್ಸಾದಂತೆ ಹೆಚ್ಚಾಗುತ್ತೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆ, ಕಿಡ್ನಿ, ಥೈರಾಯ್ಡ್ ತೊಂದರೆ ಇದ್ದವರಿಗೂ ಬರುತ್ತೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಕೂಡ ಕೆಲವರಲ್ಲಿ ಕಾರಣ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ಕೊಟ್ಟವರನ್ನ ಕೇಳಿ. ಬಹಳ ಜನರಲ್ಲಿ ಇಂಥದ್ದೇ ಕಾರಣ ಅಂತ ಸಿಗೋದೇ ಇಲ್ಲ.

ಹಿಡಿದಾಗ ಏನು ಮಾಡಬೇಕು? ಎದ್ದು ಕೂತು ಮಂಡಿ ನೇರ ಮಾಡಿ. ಕಾಲ್ಬೆರಳುಗಳನ್ನ ಕೈಯಿಂದ ಮೊಣಕಾಲಿನ ಕಡೆಗೆ ಎಳೆಯಿರಿ. ಕೈ ಎಟುಕದಿದ್ದರೆ ಟವೆಲನ್ನ ಪಾದಕ್ಕೆ ಸುತ್ತಿ ಎರಡೂ ತುದಿ ಹಿಡಿದು ಎಳೆಯಿರಿ. ಕುಗ್ಗಿದ್ದನ್ನ ಹಿಗ್ಗಿಸಬೇಕು, ಗುಟ್ಟು ಇಷ್ಟೇ. ಮೆಲ್ಲಗೆ ತಿಕ್ಕಬಹುದು. ಎದ್ದು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಹಾಕಬಹುದು, ಏನಾದರೂ ಹಿಡ್ಕೊಂಡು ಹಾಕಿ. ಬಿಸಿನೀರಿನ ಚೀಲದ ಶಾಖವೂ ಹಿತ. ನೋವಿನ ಮಾತ್ರೆ ಕೆಲಸ ಶುರು ಮಾಡೋ ಹೊತ್ತಿಗೆ ಸೆಳೆತ ಹೋಗಿರುತ್ತೆ. ಬೆಳಗ್ಗೆ ಉಳಿದ ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಬರದ ಹಾಗೆ ತಡೆಯೋಕೆ ಮಲಗುವ ಮುಂಚೆ ಒಂದು ವ್ಯಾಯಾಮ. ಗೋಡೆಯಿಂದ ಎರಡು ಮೂರು ಅಡಿ ದೂರ ನಿಂತು, ಹಿಮ್ಮಡಿ ನೆಲದಿಂದ ಏಳದ ಹಾಗೆ, ಅಂಗೈ ಗೋಡೆಗೆ ಒತ್ತಿ ಮುಂದಕ್ಕೆ ಬಾಗಿ. ಮೀನಖಂಡ ಎಳೆದಂತಾದಾಗ ಹತ್ತು ಎಣಿಸಿ, ಬಿಡಿ. ಹೀಗೆ ಮೂರು ಸಲ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದವರ ಮೇಲೆ ಪರೀಕ್ಷೆ ಮಾಡಿದರು. ಆರು ವಾರ ದಿನಾ ಮಲಗುವ ಮುಂಚೆ ಕಾಲು ಹಿಗ್ಗಿಸಿದವರಿಗೆ ಸೆಳೆತ ಕಡಿಮೆ ಆಯ್ತು. ಆರು ವಾರ ಅನ್ನೋದನ್ನ ನೆನಪಿಡಿ, ಎರಡು ದಿನ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ. ಹೊದಿಕೆಯನ್ನ ಕಾಲ ಬಳಿ ಸಡಿಲ ಬಿಡಿ.

ಇನ್ನು ಮನೆಮದ್ದು. ಬಾಳೆಹಣ್ಣು ತಿನ್ನಿ, ಒಳ್ಳೇದೇ. ಆದರೆ ರಾತ್ರಿ ಕಾಲು ಹಿಡಿಯುವ ಎಲ್ಲರಿಗೂ ಪೊಟ್ಯಾಸಿಯಮ್ ಕಮ್ಮಿ ಇರುತ್ತೆ ಅಂತಿಲ್ಲ. ಕಿಡ್ನಿ ತೊಂದರೆ ಇದ್ದವರು ಕೇಳಿಯೇ ತಿನ್ನಬೇಕು. ನೀರು ಚೆನ್ನಾಗಿ ಕುಡೀರಿ. ಮೆಗ್ನೀಷಿಯಮ್ ಮಾತ್ರೆಗೆ ನಮ್ಮವರು ತುಂಬಾ ದುಡ್ಡು ಸುರಿತಾರೆ. 2020ರ ಕಾಕ್ರೇನ್ ವಿಮರ್ಶೆ ಪ್ರಕಾರ ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ. ಸೋಪಿಗೆ ಯಾವ ಆಧಾರವೂ ಇಲ್ಲ, ಹಾನಿಯೂ ಇಲ್ಲ. ಆದರೆ ಕ್ವಿನೈನ್ ಹಾಗಲ್ಲ. ಅದು ಹೃದಯದ ಬಡಿತ ಕೆಡಿಸಬಹುದು, ರಕ್ತದ ಪ್ಲೇಟ್‌ಲೆಟ್ ಇಳಿಸಬಹುದು. ಮಾಮೂಲಿ ಸೆಳೆತಕ್ಕೆ ಅದನ್ನ ಕೊಡಬಾರದು ಅಂತ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ 2010ರಲ್ಲೇ ಎಚ್ಚರಿಸಿದೆ. ಊರಿಂದ ತರಿಸಿಕೊಂಡು ನುಂಗಬೇಡಿ.

ಈಗ ಆ ದಿನ ನಾನು ಯಾಕೆ ಸುಮ್ಮನಿದ್ದೆ ಅಂತ ಹೇಳ್ತೀನಿ. ನಮ್ಮ ಹಳೇ ರೂಮಿನಲ್ಲಿ ಜೊತೆಗಿದ್ದ ಒಬ್ಬ ಗೆಳೆಯ ಊರಿಗೆ ಹೋಗಿ ಬಂದ. ಹತ್ತು ಗಂಟೆಗೂ ಮೀರಿದ ವಿಮಾನ ಪ್ರಯಾಣ, ಕಿಟಕಿ ಸೀಟು, ಒಂದು ಸಲವೂ ಎದ್ದಿಲ್ಲ. ಮೂರನೇ ದಿನ ಎಡಗಾಲ ಮೀನಖಂಡ ನೋವು ಅಂದ. ಕಾಲು ಹಿಡಿದಿದೆ ಅಂತ ನಾನೇ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಒಂದು ದಿನ ಅಲ್ಲ, ನಾಲ್ಕು ರಾತ್ರಿ. "ಜಿಪಿ ಹತ್ರ ಹೋಗೋಣ್ವಾ" ಅಂದ್ರೆ, "ನಾನು ರಿಜಿಸ್ಟರೇ ಆಗಿಲ್ಲ ಮಾರಾಯ, ಶಿಫ್ಟ್ ಹೋಗುತ್ತೆ, ಬಿಲ್ ಎಷ್ಟಾಗುತ್ತೋ" ಅಂದ. ಐದನೇ ದಿನ ಆ ಕಾಲಿಗೆ ಪ್ಯಾಂಟ್ ಹತ್ತಲಿಲ್ಲ. ನೋವಿನ ಮಾತ್ರೆಗೆ ಅಂತ ಬೀದಿಯ ಫಾರ್ಮಸಿಗೆ ಹೋದ್ವಿ. ಅಲ್ಲಿನ ಹೆಣ್ಣುಮಗಳು ಕಾಲು ನೋಡಿ, "ತಿಕ್ಕೋದು ನಿಲ್ಲಿಸಿ, ಈಗಲೇ ಆಸ್ಪತ್ರೆಗೆ ಹೋಗಿ" ಅಂದಳು. ಸ್ಕ್ಯಾನ್‌ನಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋದು ಕಂಡಿತು. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ತಿಂಗಳುಗಟ್ಟಲೆ ತಗೊಂಡ. ಈಗ ಚೆನ್ನಾಗಿದ್ದಾನೆ. ಅವನು ಅದನ್ನ ಮರೆತಿದ್ದಾನೆ. ತಿಕ್ಕಿದವನು ನಾನು, ನನಗೆ ಮರೆಯೋಕಾಗಿಲ್ಲ.

ಅದಕ್ಕೇ ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಸೆಳೆತ ಬರುತ್ತೆ, ಹೋಗುತ್ತೆ. ಹೆಪ್ಪಿನ ನೋವು ಉಳಿಯುತ್ತೆ, ನಿಂತಾಗ ನಡೆದಾಗ ಹೆಚ್ಚಾಗಬಹುದು. ಸಾಮಾನ್ಯವಾಗಿ ಒಂದೇ ಕಾಲು ಊದುತ್ತೆ, ಮುಟ್ಟಿದರೆ ಬಿಸಿ. ಚರ್ಮ ಕೆಂಪಾಗುತ್ತೆ ಅಂತಾರೆ, ನಮ್ಮ ಮೈಬಣ್ಣದಲ್ಲಿ ಅದು ಕಾಣದೇ ಇರಬಹುದು. ಆದ್ದರಿಂದ ಎರಡೂ ಕಾಲು ಪಕ್ಕದಲ್ಲಿಟ್ಟು ಹೋಲಿಸಿ. ಹೀಗಿದ್ದರೆ ತಿಕ್ಕಬೇಡಿ, ಅವತ್ತೇ 111ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 999. ಹತ್ತು ನಿಮಿಷ ಮೀರಿದರೂ ಬಿಡದ ಸೆಳೆತಕ್ಕೆ, ಕೊಳೆ ಸೇರಿದ ಗಾಯವಾದ ಮೇಲೆ ಬರುವ ಸೆಳೆತಕ್ಕೆ, ಸೀಸ ಅಥವಾ ಬ್ಯಾಟರಿ ಮುಟ್ಟಿದ ಮೇಲೆ ಬರುವ ಸೆಳೆತಕ್ಕೂ ತಡ ಮಾಡಬೇಡಿ. ಪದೇಪದೇ ನಿದ್ದೆ ಕೆಡುತ್ತಿದ್ದರೆ, ಕಾಲು ಜೋಮು ಹಿಡಿದರೆ, ನಡೆದಾಗ ನೋವು ಬಂದು ನಿಂತರೆ ಹೋಗುವ ಹಾಗಿದ್ದರೆ ಜಿಪಿಗೆ ತೋರಿಸಿ.

ಇನ್ನು ಬಿಲ್ಲಿನ ಭಯ. ಇಂಗ್ಲೆಂಡಿನಲ್ಲಿ ಜಿಪಿ ಹತ್ತಿರ ನೋಂದಾಯಿಸೋಕೂ ತೋರಿಸೋಕೂ ದುಡ್ಡಿಲ್ಲ. ವಿಳಾಸದ ದಾಖಲೆ, ವೀಸಾ ಕಾಗದ ಇರಲೇಬೇಕು ಅಂತ ನಿಯಮ ಇಲ್ಲ. ಫಾರ್ಮಸಿಯಲ್ಲಿ ಸಲಹೆ ಕೇಳೋಕೂ ದುಡ್ಡಿಲ್ಲ. ನಮ್ಮಲ್ಲಿ ಬಹಳ ಜನ ವೀಸಾ ಜೊತೆಗೇ ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿದ್ದೀವಿ. ಕಟ್ಟಿದ ದುಡ್ಡಿನ ಚಿಕಿತ್ಸೆ ಬಿಟ್ಟು ಬಿಸಿ ಎಣ್ಣೆ ತಿಕ್ಕೋದು ಜಾಣತನ ಅಲ್ಲ.

ಇವತ್ತು ಮನೆಗೆ ಹೋಗಿ ಗೋಡೆಗೆ ಕೈ ಒತ್ತಿ ಮೂರು ಸಲ ಬಾಗಿ. ನಾಳೆ, ಜಿಪಿಗೆ ರಿಜಿಸ್ಟರ್ ಆಗದ ರೂಮ್‌ಮೇಟ್ ಇದ್ದರೆ ಅವನ ಜೊತೆ ನೀವೇ ಹೋಗಿ. ಫಾರ್ಮ್ ತುಂಬೋದು ಬರದಿದ್ದರೆ ನನ್ನನ್ನ ಕರೀರಿ, ಶನಿವಾರ ಸಂಜೆ ಬರ್ತೀನಿ.