ಶೇಂಗಾದ ಹೊಲ, ಅದಿರಿನ ಪೇಟೆ



ಜಾಗತೀಕರಣ ಬಡ ರೈತನ ಮನೆಗೆ ಎರಡು ಸಲ ಬರುತ್ತದೆ. ಮೊದಲು ಬೆಳೆಯ ಬೆಲೆಗೆ ಕೈ ಹಾಕುತ್ತದೆ, ಆಮೇಲೆ ಹೊಲಕ್ಕೇ. ಬಳ್ಳಾರಿ ಸೀಮೆಯಲ್ಲಿ ಇವೆರಡೂ ಹದಿನೈದೇ ವರ್ಷಗಳಲ್ಲಿ ನಡೆದುಹೋದವು.

1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಆಗ ಶೇ. 65ರಷ್ಟಿದ್ದ ಸುಂಕ 1998ಕ್ಕೆ ಶೇ. 15ಕ್ಕೆ ಇಳಿಯಿತು. ಪಟ್ಟಣದವರಿಗೆ ಎಣ್ಣೆ ಅಗ್ಗವಾಯಿತು, ನಿಜ. ಆದರೆ ಮಳೆ ನಂಬಿ ಶೇಂಗಾ ಬಿತ್ತುವವನು ಮಲೇಷ್ಯಾ, ಇಂಡೊನೇಷ್ಯಾಗಳ ತೋಟಗಳ ಜೊತೆ ಪೈಪೋಟಿಗೆ ನಿಲ್ಲಬೇಕಾಯಿತು. ಬಿತ್ತನೆಗೆ ಮಾಡಿದ ಸಾಲ ಹಾಗೇ ಉಳಿಯಿತು.

ಆ ಹೊತ್ತಿಗೆ ಚೀನಾದ ಉಕ್ಕಿನ ಕುಲುಮೆಗಳು ಅದಿರು ಕೇಳತೊಡಗಿದವು. 2003ರ ನಂತರ ಬೆಲೆ ಜಿಗಿಯಿತು. ಸಂಡೂರು, ಹೊಸಪೇಟೆ ಸುತ್ತ ಗುಡ್ಡದ ಬುಡದ ಪಟ್ಟಾ ಜಮೀನುಗಳಲ್ಲಿ ಅದಿರಿನ ಕಲ್ಲು ಮೇಲ್ಪದರದಲ್ಲೇ ಸಿಗುತ್ತದೆ. ಗುತ್ತಿಗೆದಾರ ಮುಂಗಡ ಹಿಡಿದು ಬಂದ. ಜೆಸಿಬಿ ಹೊಲ ಕೆರೆಯಿತು, ಕೂಲಿಯವರು ಸುತ್ತಿಗೆ ಹಿಡಿದು ಕಲ್ಲು ಒಡೆದರು, ಲಾರಿಗಳು ಬಂದರಿನ ದಾರಿ ಹಿಡಿದವು. ಹೊಲ ಕೊಟ್ಟವನನ್ನು ಆಸೆಬುರುಕ ಎನ್ನುವುದು ಸುಲಭ. ಬೆಳೆಯಿಂದ ಬದುಕು ಸಾಗದವನಿಗೆ ಬೇರೆ ಏನಿತ್ತು ಮಾರಲು?

ಕೊಡದವನೂ ಬಚಾವಾಗಲಿಲ್ಲ. ಲಾರಿಯ ಕೆಂಧೂಳು ಪಕ್ಕದ ಹೊಲದ ಹತ್ತಿ, ಮೆಣಸಿನಗಿಡದ ಮೇಲೆ ಕೂತಿತು. ಸರ್ಕಾರಕ್ಕಾದರೂ ಸಿಕ್ಕಿದ್ದೇನು? 2009ರವರೆಗೆ ಒಳ್ಳೆಯ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ ರಾಯಧನ.

2008ರ ಕೊನೆಗೆ ವಿಶ್ವದ ಪೇಟೆ ಕುಸಿಯಿತು. 2010ರಲ್ಲಿ ರಾಜ್ಯ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ತಡೆಯಿತು. ಕೊಳ್ಳುವವರು ಬೇರೆ ದೇಶ ನೋಡಿಕೊಂಡರು. ಅಗೆದ ಹೊಲಕ್ಕೆ ಬೇರೆ ದೇಶವಿಲ್ಲ. ಒಂದಂಗುಲ ಮೇಲ್ಮಣ್ಣು ಕೂಡಲು ನೂರಾರು ವರ್ಷ ಬೇಕು.

ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಕೋರ್ಟಿನ ಆದೇಶದಂತೆ ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿದೆ. ರಸ್ತೆ, ರೈಲು, ಆಸ್ಪತ್ರೆ ಎಲ್ಲವೂ ಬೇಕು. ಆದರೆ ಗುಂಡಿ ಮುಚ್ಚಿ, ಕೆರೆಗೋಡು ಹಾಕಿ, ಬದು ಕಟ್ಟಿ, ಆ ಹೊಲಗಳನ್ನು ಮತ್ತೆ ಬಿತ್ತನೆಗೆ ತರುವ ಖರ್ಚು ಮೊದಲ ಸಾಲಿನಲ್ಲಿರಬೇಕು. ಯಾವ ಹೊಲ ಮೊದಲು ಎಂಬುದನ್ನು ಆಯಾ ಊರಿನ ಗ್ರಾಮಸಭೆಯೇ ತೀರ್ಮಾನಿಸಲಿ. ಬೆಳೆದ ಶೇಂಗಾಕ್ಕೆ ನ್ಯಾಯದ ಬೆಲೆಯೂ ಸಿಗಲಿ. ಅದು ಸಿಗದಿದ್ದರೆ ದುರಸ್ತಿಯಾದ ಹೊಲವೂ ಮುಂದಿನ ಗುತ್ತಿಗೆದಾರನ ಪಾಲಾಗುತ್ತದೆ.