ಹೊರದೇಶದ ಓದಿಗೆ ಅರ್ಜಿ: ಮನೆಯವರಿಗೆ ಎರಡು ಮಾತು
(ಸಂಘದ ರಜತ ಮಹೋತ್ಸವದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಏಳುಬೀಳುಗಳನ್ನು ಕಾರ್ಯದರ್ಶಿಗಳು ಆಗಲೇ ಸವಿಸ್ತಾರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಾವು ಊಟದ ಹೊತ್ತು ಮೀರಿಸುವುದಿಲ್ಲ. ನಮಗೆ ವಹಿಸಿರುವುದು ಮಕ್ಕಳಿಗೆ ಬುದ್ಧಿಮಾತು ಹೇಳುವ ಕೆಲಸ. ಆದರೆ ನಾವು ಹೇಳಬೇಕೆಂದಿರುವುದು ಮಕ್ಕಳಿಗಿಂತ ಹೆಚ್ಚಾಗಿ ಅಪ್ಪ ಅಮ್ಮಂದಿರಿಗೆ.

ಹಾಲಿನ ಸಂಘದ ಸಭೆಯಲ್ಲಿ ಹೊರದೇಶದ ಕಾಲೇಜಿನ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಈಚೆಗೆ ಮೂರು ಮನೆಯವರು ಸಂಘದ ಕಚೇರಿಗೆ ಬಂದು, ಮಕ್ಕಳನ್ನ ಪಿಯುಸಿ ಮುಗಿದ ತಕ್ಷಣ ಹೊರದೇಶಕ್ಕೆ ಕಳಿಸಬೇಕು, ಹಾಲಿನ ದುಡ್ಡಿನ ಲೆಕ್ಕ ಬರೆದುಕೊಡಿ ಎಂದು ಕೇಳಿದ್ದಾರೆ. ಅದರಲ್ಲಿ ಒಂದು ಮನೆ ನಮ್ಮದೇ. ನಮ್ಮ ಮನೆಯಲ್ಲಿ ಆದ ಎಡವಟ್ಟು ಇನ್ನೊಬ್ಬರ ಮನೆಯಲ್ಲಿ ಆಗದಿರಲಿ ಅಂತ ಸಂಕೋಚ ಬಿಟ್ಟು ಹೇಳುತ್ತಿದ್ದೇವೆ.

ನಮ್ಮ ಅಣ್ಣನ ಮಗಳು 2024ರಲ್ಲಿ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಳು. ಜರ್ಮನಿಯಲ್ಲಿ ಓದಿಗೆ ಫೀಸೇ ಇಲ್ಲ ಅಂತ ಯಾರೋ ಹೇಳಿದರು. ನಗರದಲ್ಲಿ ಒಂದು ಕನ್ಸಲ್ಟೆನ್ಸಿಯವರ ಹತ್ತಿರ ಹೋದೆವು. ಎ.ಸಿ. ರೂಮು, ಗೋಡೆ ತುಂಬಾ ವಿಮಾನದ ಚಿತ್ರ. ಅರವತ್ತು ಸಾವಿರ ಕಟ್ಟಿಸಿಕೊಂಡರು. ಎರಡು ತಿಂಗಳಿಗೆ ಒಂದು ಪತ್ರ ಬಂತು. ಸೀಟು ಆಗಿದೆ, ಬೇಗ ದುಡ್ಡು ಹೊಂದಿಸಿ ಅಂದರು. ಅಣ್ಣ ಕೆರೆ ಕೆಳಗಿನ ಇಪ್ಪತ್ತು ಗುಂಟೆ ತೆಂಗಿನ ತೋಟಕ್ಕೆ ಗಿರಾಕಿ ನೋಡಿ, ಮುಂಗಡದ ಮಾತೂ ಆಡಿಬಿಟ್ಟಿದ್ದರು.

ಆ ಪತ್ರವನ್ನ ನಮ್ಮೂರಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಕೈಗೆ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇದು ಸೀಟಲ್ಲಪ್ಪ, ಷರತ್ತಿನ ಪತ್ರ. ಅದೂ ಖಾಸಗಿ ಕಾಲೇಜು, ವರ್ಷ ವರ್ಷ ಫೀಸು ಕಟ್ಟಬೇಕು" ಅಂದರು. ಫೀಸಿಲ್ಲದಿರುವುದು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ. ಅಲ್ಲೂ ಬಾಡೆನ್ ವುರ್ಟೆಂಬರ್ಗ್ ಅನ್ನುವ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಆರು ತಿಂಗಳಿಗೆ 1,500 ಯೂರೋ ಫೀಸಿದೆ.

ಆಮೇಲೆ ಮೇಷ್ಟ್ರ ಜೊತೆ ಕೂತು ಕೇಳಿ ತಿಳಿದುಕೊಂಡದ್ದು ಇಷ್ಟು. ನಮ್ಮ ಪಿಯುಸಿ ಒಂದರ ಮೇಲೇ ಜರ್ಮನಿಯ ಪದವಿ ತರಗತಿಗೆ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಒಂದೋ ಅಲ್ಲಿ ಸ್ಟೂಡಿಯನ್‌ಕೊಲ್ಲೆಗ್ ಎನ್ನುವ ಪೂರ್ವಸಿದ್ಧತೆಯ ತರಗತಿ ಓದಬೇಕು, ಇಲ್ಲವೇ ಇಲ್ಲೇ ಪದವಿಯ ಮೊದಲ ವರ್ಷ ಪಾಸು ಮಾಡಿ ಅದೇ ವಿಷಯಕ್ಕೆ ಅರ್ಜಿ ಹಾಕಬೇಕು. ಐಐಟಿಯ ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ಬೇರೆ ದಾರಿ ಇದೆ. 2022ರ ನವೆಂಬರಿನಿಂದ ನಮ್ಮ ದೇಶದ ಮಕ್ಕಳು ಅಂಕಪಟ್ಟಿಗಳನ್ನು ತಪಾಸಣೆಗೆ ಕೊಟ್ಟು ಎ.ಪಿ.ಎಸ್. ಎಂಬ ಪ್ರಮಾಣಪತ್ರ ತರುವುದು ಕಡ್ಡಾಯ. ಪದವಿ ಪಾಠಗಳು ಬಹುಪಾಲು ಜರ್ಮನ್ ಭಾಷೆಯಲ್ಲೇ. ಫೀಸಿಲ್ಲ ಅಂದರೂ ಒಂದು ವರ್ಷದ ಊಟ, ಬಾಡಿಗೆಗೆ ಅಂತ 11,904 ಯೂರೋ, ಅಂದರೆ ನಮ್ಮ ದುಡ್ಡಲ್ಲಿ ಹತ್ತು ಲಕ್ಷದ ಮೇಲೆ, ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿ ಮೊದಲೇ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇರುವ ಲೆಕ್ಕ ಇದು. ಈ ದುಡ್ಡು ಫೀಸಲ್ಲ, ಮಗುವಿನದೇ, ತಿಂಗಳಿಗೆ 992ರಂತೆ ಅದೇ ತೆಗೆದುಕೊಳ್ಳುತ್ತೆ. ಇದರಲ್ಲಿ ಒಂದು ಮಾತನ್ನಾದರೂ ಆ ಕನ್ಸಲ್ಟೆನ್ಸಿಯವರು ನಮಗೆ ಹೇಳಿರಲಿಲ್ಲ. ಅರವತ್ತು ಸಾವಿರ ವಾಪಸ್ ಬರಲಿಲ್ಲ. ತೋಟ ಉಳಿಯಿತು.

ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಒಳಗೆ ಬೆರಳು ಹಿಡಿದರೆ, ಅವನಿಗೆ ಯಾವ ಕಡೆಯಿಂದ ಎಷ್ಟು ಬರುತ್ತೆ ಅಂತ ನಾವು ಲೆಕ್ಕ ಹಾಕುತ್ತೇವೆ. ಇಲ್ಲಿ ಯಾಕೆ ಹಾಕಲಿಲ್ಲವೋ! ಕೆಲವು ದೇಶದ ಕಾಲೇಜುಗಳು ಮಕ್ಕಳನ್ನು ಸೇರಿಸಿದ್ದಕ್ಕೆ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ನಮ್ಮಿಂದಲೂ ತಗೋತಾರೆ, ಆ ಕಡೆಯಿಂದಲೂ ತಗೋತಾರೆ.

ಇನ್ನೊಂದು ಮನೆಯ ಹುಡುಗ ಅಮೆರಿಕಕ್ಕೆ ಪ್ರಯತ್ನ ಮಾಡಿದ. ಏಜೆಂಟರಿಲ್ಲದೆ, ತಾನೇ ಕಂಪ್ಯೂಟರಿನಲ್ಲಿ ಓದಿಕೊಂಡು. ಅವನಿಂದ ನಾವು ಕಲಿತದ್ದು ಬಹಳ. ನಮ್ಮಲ್ಲಿ ಫಲಿತಾಂಶ ಬಂದ ಮೇಲೆ ಮುಂದಿನದು ಯೋಚನೆ ಮಾಡುವ ಪದ್ಧತಿ. ಅಲ್ಲಿನ ಲೆಕ್ಕವೇ ಬೇರೆ. ಅಮೆರಿಕದ ಕಾಲೇಜುಗಳ ಕಾಮನ್ ಆಪ್ ಎಂಬ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತೆ, ಅನೇಕ ದೊಡ್ಡ ಕಾಲೇಜುಗಳಿಗೆ ಜನವರಿ ಮೊದಲ ವಾರಕ್ಕೆ ಮುಗಿಯುತ್ತೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಅಕ್ಟೋಬರ್ 15ಕ್ಕೇ ಬಾಗಿಲು ಹಾಕಿದಂತೆ. ನಮ್ಮ ಪಿಯುಸಿ ಪರೀಕ್ಷೆ ಶುರುವಾಗುವ ಹೊತ್ತಿಗೆ ಅವರದು ಮುಗಿದಿರುತ್ತೆ.

ಮತ್ತೆ ಅವರು ಕೇಳುವುದು ಪಿಯುಸಿ ಅಂಕ ಮಾತ್ರ ಅಲ್ಲ, 9ನೇ ತರಗತಿಯಿಂದ ನಾಲ್ಕೂ ವರ್ಷದ ಅಂಕ. ನಮ್ಮಲ್ಲಿ 9ನೇ ತರಗತಿ ಅಂಕಪಟ್ಟಿಯನ್ನ ಯಾರು ಜೋಪಾನ ಮಾಡ್ತಾರೆ? ಈ ಹುಡುಗನದಕ್ಕೆ ಹೈಸ್ಕೂಲಿನ ಹಳೆಯ ಬೀರುವಿನಲ್ಲಿ ಮೂರು ದಿನ ಹುಡುಕಿದರು. ಉಪಾಧ್ಯಾಯರ ಶಿಫಾರಸು ಪತ್ರದ್ದು ಇನ್ನೊಂದು ಕಥೆ. ಕಾಲೇಜಿನಲ್ಲಿ ಕೇಳಿದರೆ, ಇವನ ನಡತೆ ತೃಪ್ತಿಕರ ಅಂತ ಮೂರು ಸಾಲಿನ ನಡತೆ ಪ್ರಮಾಣಪತ್ರ ಬರೆದುಕೊಟ್ಟರು. ಅವರ ತಪ್ಪಲ್ಲ, ಅಂಥ ಪತ್ರ ಅವರನ್ನ ಯಾರೂ ಕೇಳಿರಲಿಲ್ಲ. ಅಲ್ಲಿನವರಿಗೆ ಬೇಕಾದದ್ದು ಈ ಹುಡುಗ ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದ, ಎಲ್ಲಿ ಎಡವಿದ, ಹೇಗೆ ಎದ್ದ ಅನ್ನುವುದು. ಅಷ್ಟು ಬರೆಯಬೇಕಾದರೆ ಮೇಷ್ಟ್ರಿಗೆ ಹುಡುಗನ ಪರಿಚಯ ಇರಬೇಕಲ್ಲ. ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂತವನ ಬಗ್ಗೆ ಏನು ಬರೀತಾರೆ?

ಹೆಸರಿನ ತಾಪತ್ರಯವೂ ಇದೆ. ನಮ್ಮ ಮಕ್ಕಳಿಗೆ ಇನಿಷಿಯಲ್ ಇರುತ್ತೆ, ಮನೆತನದ ಹೆಸರು ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗಕ್ಕೆ ಎಫ್.ಎನ್.ಯು. ಅಂತ ಹಾಕುತ್ತಾರೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ! ಎಸ್.ಎಸ್.ಎಲ್.ಸಿ. ನೋಂದಣಿಗೆ ಮೊದಲೇ ಆಧಾರ್, ಶಾಲೆಯ ದಾಖಲೆ ಎರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ.

ಈ ಹುಡುಗನಿಗೆ ಸೀಟು ಸಿಗಲಿಲ್ಲ. ಈಗ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆದರೆ ಅವರ ಮನೆಯವರು ಒಂದು ಗುಂಟೆಯನ್ನೂ ಮಾರಲಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹೊರದೇಶದ ಮಕ್ಕಳನ್ನೂ ದುಡ್ಡು ನೋಡದೆ ಆರಿಸಿ, ಮನೆಯವರ ಕೈಲಾಗದಷ್ಟನ್ನು ತಾವೇ ಭರಿಸುತ್ತವೆ. ಸೀಟು ಸಿಗುವುದು ಬಲು ಕಷ್ಟ, ಅದು ಬೇರೆ ಮಾತು. ಅದಕ್ಕೆ ಮನೆಯ ಆದಾಯ ತೋರಿಸಬೇಕು. ವ್ಯವಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ನಮ್ಮ ಹತ್ತಿರ ತೆರಿಗೆ ಕಾಗದವೂ ಇಲ್ಲ. ಆಗ ತಹಶೀಲ್ದಾರರ ಆದಾಯ ಪತ್ರದ ಜೊತೆಗೆ ನಮ್ಮ ಸಂಘ ಕೊಟ್ಟ ಹಾಲಿನ ಬಟವಾಡೆಯ ಲೆಕ್ಕವನ್ನೇ ಅವನು ಕಳಿಸಿದ್ದ.

ಸಾಲದ ವಿಚಾರ. ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದ ಶಿಕ್ಷಣ ಸಾಲದ ಯೋಜನೆ ಬ್ಯಾಂಕುಗಳಲ್ಲಿದೆ. ಅದಕ್ಕೆ ಮೇಲಾದರೆ ಆಸ್ತಿ ಕೇಳುತ್ತಾರೆ. ಪಹಣಿ ತೋರಿಸಿದರೆ ಹಿಂದೆಮುಂದೆ ನೋಡುತ್ತಾರೆ. ಯಾಕೆಂದರೆ 2002ರ ಸರ್ಫೇಸಿ ಕಾಯ್ದೆಯಿಂದ ವ್ಯವಸಾಯದ ಜಮೀನನ್ನು ಹೊರಗಿಟ್ಟಿದ್ದಾರೆ, ಆ ಕಾಯ್ದೆಯಲ್ಲಿ ಅದನ್ನ ಹರಾಜು ಹಾಕಲು ಬರುವುದಿಲ್ಲ. ಸೈಟು, ಮನೆ, ಠೇವಣಿ ಇದೆಯಾ ಅಂತಾರೆ. ನಮ್ಮಲ್ಲಿ ಇರುವುದು ಜಮೀನೇ. ಆಗ ಕೈಸಾಲ, ಇಲ್ಲ ಮಾರಾಟ. ಅಣ್ಣ ಗಿರಾಕಿ ಹುಡುಕಿದ್ದು ಇದಕ್ಕೇ.

ಎಂ.ಬಿ.ಬಿ.ಎಸ್.ಗೆ ಕಳಿಸುವವರಿಗೆ ಒಂದೇ ಮಾತು. ನೀಟ್ ಪಾಸಾಗದೆ ಹೋದರೆ ಆ ಡಿಗ್ರಿ ಇಲ್ಲಿ ನಡೆಯುವುದಿಲ್ಲ. 2021ರ ನಿಯಮದಂತೆ ಇಂಗ್ಲಿಷಿನಲ್ಲಿ ಕನಿಷ್ಠ 54 ತಿಂಗಳ ಪಾಠ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಇರಬೇಕು. ಬಂದ ಮೇಲೂ ಪರೀಕ್ಷೆ, ಮತ್ತೆ 12 ತಿಂಗಳು.

ನಮ್ಮ ಅಣ್ಣನ ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ ಮೊದಲ ವರ್ಷ ಪಾಸು ಮಾಡಿದ್ದಾಳೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಫೋನಿನಲ್ಲಿ ಜರ್ಮನ್ ಪಾಠ ಕೇಳುತ್ತಾಳೆ, ಕರುಗಳಿಗೂ ಅಷ್ಟಿಷ್ಟು ಬಂದಿರಬಹುದು. ಚಳಿಗಾಲದ ತರಗತಿಗೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳ ಕೊನೆ ದಿನ ಜುಲೈ 15. ಈ ಸಲ ಅವಳೇ ಅರ್ಜಿ ತುಂಬುತ್ತಾಳೆ. ಸಿಗುತ್ತೋ ಇಲ್ಲವೋ ನೋಡೋಣ.

ಆಡಳಿತ ಮಂಡಳಿಯಲ್ಲಿ ಮಾತಾಡಿದ್ದೇವೆ. ಯಾವ ಸದಸ್ಯರ ಮಗು ಕೇಳಿದರೂ ಮೂರು ವರ್ಷದ ಹಾಲಿನ ಬಟವಾಡೆ ಲೆಕ್ಕವನ್ನು ಸಂಘ ಮೊಹರು ಹಾಕಿ ಉಚಿತವಾಗಿ ಕೊಡುತ್ತದೆ. ಏಜೆಂಟರ ಪತ್ರ ಬಂದರೆ ಸಹಿ ಹಾಕುವ ಮೊದಲು ಕಚೇರಿಗೆ ತನ್ನಿ, ಮೇಷ್ಟ್ರು ಓದಿ ಹೇಳಲು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಹಾಲು ಅಳತೆ ಮುಗಿದ ಮೇಲೆ ಅವರು ಇಲ್ಲೇ ಇರುತ್ತಾರೆ. 9ನೇ ತರಗತಿ ಮಕ್ಕಳು ಅಂಕಪಟ್ಟಿಯ ಎರಡು ಜೆರಾಕ್ಸ್ ಮಾಡಿಸಿ ತನ್ನಿ, ಒಂದನ್ನು ಸಂಘದ ಬೀರುವಿನಲ್ಲಿ ಇಟ್ಟಿರುತ್ತೇವೆ.